ಚಂಡಮಾರುತ ಮಳೆಗಾಲಕ್ಕೆ ಕಾಯುವುದಿಲ್ಲ

ಮಂಗಳೂರಿನ ಹಳೆ ಬಂದರಿನಲ್ಲಿ ಏಪ್ರಿಲ್ ಕೊನೆ ಬಂತೆಂದರೆ ದಿನಸಿ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ನಾನು ಅಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವನು. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಅಕ್ಕಿ, ಈರುಳ್ಳಿ, ಸಿಮೆಂಟ್, ಜಲ್ಲಿ ಎಲ್ಲ ಅದರಲ್ಲೇ ಹೋಗಬೇಕು. ಮಳೆಗಾಲದ ಕಡಲಿಗೆ ಹೆದರಿ ಮೇ ನಡುವಿಗೆ ಮಂಜಿ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರ್ ನಡುವಿಗೆ.

ಕಿಲ್ತಾನ್ ದ್ವೀಪದ ಒಬ್ಬ ಹಿರಿಯ ತಂಡೇಲರು (ಮಂಜಿ ನಡೆಸುವವರು) ಪ್ರತಿ ಸಲ ಬೆಂಕಿಪೊಟ್ಟಣದ ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ರಬ್ಬರ್ ಹಾಕಿ, ಅಕ್ಕಿ ಗೋಣಿಯ ನಡುವೆ ಹುಗಿಯುತ್ತಿದ್ದರು. ಒಮ್ಮೆ ಯಾಕೆ ಅಂತ ಕೇಳಿದೆ. "ಅಕ್ಕಿ ಒದ್ದೆಯಾದರೆ ಒಣಗಿಸಬಹುದು ಮಾರಾಯ, ಕಡ್ಡಿ ಒದ್ದೆಯಾದರೆ ಅನ್ನ ಬೇಯಿಸುವುದು ಹೇಗೆ?" ಅಂದರು.

ಇದು ನಮಗೂ ಗೊತ್ತಿರುವ ಬುದ್ಧಿಯೇ. ಮಳೆ ಸುರಿಯುವ ಆಟಿ ತಿಂಗಳಿಗೆ ಹಪ್ಪಳ, ಒಣಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಇಡುತ್ತಿದ್ದ ಮನೆಗಳು ನಮ್ಮವು. ಕಿಲ್ತಾನ್, ಅಮಿನಿ, ಕಡ್ಮತ್ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಿನಿಕಾಯ್‌ನವರು ಟ್ಯೂನಾ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಮಾಸ್ ಮಾಡುತ್ತಾರೆ. ಕಟ್ಟಿಗೆಯ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಈ ದಾಸ್ತಾನೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೆ. ದೊಡ್ಡ ಗಾಳಿ ಬಂದದ್ದು ಯಾವಾಗ ನೋಡಿ. ಕಲ್ಪೇನಿ, ಆಂದ್ರೋತ್‌ಗಳನ್ನು ಹಾಳು ಮಾಡಿದ ಬಿರುಗಾಳಿ 1847ರ ಏಪ್ರಿಲ್‌ನಲ್ಲಿ. ಓಖಿ ಚಂಡಮಾರುತ 2017ರ ಡಿಸೆಂಬರ್ ಮೊದಲಲ್ಲಿ. ತೌಕ್ತೆ 2021ರ ಮೇ ನಡುವಿನಲ್ಲಿ. ಏಪ್ರಿಲ್‌ನಲ್ಲಿ ಗೋದಾಮು ಇನ್ನೂ ತುಂಬಿರುವುದಿಲ್ಲ. ಡಿಸೆಂಬರ್‌ನಲ್ಲಿ ಹೇಗೂ ಮಂಜಿ ಓಡುತ್ತಿದೆಯಲ್ಲ, ಮುಂದಿನ ವಾರ ತಂದರಾಯ್ತು ಅಂತ ಯಾರೂ ಜಾಸ್ತಿ ಇಟ್ಟಿರುವುದಿಲ್ಲ. ಓಖಿಯಂತೂ ಒಂದೇ ದಿನದಲ್ಲಿ ವಾಯುಭಾರ ಕುಸಿತದಿಂದ ಚಂಡಮಾರುತವಾಗಿ ಬೆಳೆದದ್ದು. ಅಷ್ಟರಲ್ಲಿ ಯಾವ ಹಡಗು ಲೋಡ್ ಆಗಿ ಹೊರಡುತ್ತದೆ?

ಅಕ್ಕಿಗಿಂತ ನನಗೆ ನೀರಿನದೇ ಭಯ. ಈ ಹವಳದ ದ್ವೀಪಗಳಲ್ಲಿ ನದಿ, ತೊರೆ ಇಲ್ಲ. ನೆಲದಡಿ ಉಪ್ಪುನೀರಿನ ಮೇಲೆ ಸಿಹಿನೀರಿನ ಒಂದು ತೆಳು ಪದರ ತೇಲುತ್ತಿರುತ್ತದೆ, ಬಾವಿಗೆ ಬರುವುದು ಅದೇ. ಕಡಲು ಒಮ್ಮೆ ಒಳಗೆ ನುಗ್ಗಿದರೆ ಬಾವಿ ಉಪ್ಪಾಗುತ್ತದೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನು ಸಿಹಿ ಮಾಡುವ ಘಟಕ ಇದೆ, ದಿನಕ್ಕೆ 1 ಲಕ್ಷ ಲೀಟರ್ ಕೊಡುವಂಥದ್ದು. ಒಳ್ಳೆಯ ಕೆಲಸ. ಆದರೆ ಅದಕ್ಕೆ ಕರೆಂಟ್ ಬೇಕು. ಕರೆಂಟ್ ಬಹುಪಾಲು ಡೀಸೆಲ್‌ನದು. ಡೀಸೆಲ್ ಬರುವುದು ಹಡಗಿನಲ್ಲೇ, ಅಲ್ವಾ? ಹಾಗಾಗಿ ಮನೆಮನೆಯ ಮಳೆನೀರಿನ ಟ್ಯಾಂಕಿನಲ್ಲಿ ಇಂತಿಷ್ಟು ನೀರನ್ನು ವರ್ಷವಿಡೀ ಮುಟ್ಟದೆ ಇಡಲೇಬೇಕು. ಮುಚ್ಚಳ ಭದ್ರವಿರಬೇಕು, ಪಕ್ಕದಲ್ಲಿ ಕ್ಲೋರಿನ್ ಮಾತ್ರೆ ಇರಬೇಕು.

ಇನ್ನೊಂದು ಮಾತು. ಕವರತ್ತಿಯ ಗೋದಾಮು ತುಂಬಿದೆ ಅಂದರೆ ಬಿತ್ರಾಕ್ಕೆ ಏನೂ ಸಿಕ್ಕಿದ ಹಾಗಲ್ಲ. 2011ರ ಜನಗಣತಿಯಲ್ಲಿ ಬಿತ್ರಾದಲ್ಲಿ 271 ಜನ. ಗಾಳಿ ಎದ್ದ ದಿನ ಆ ಪುಟ್ಟ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಇನ್ಸುಲಿನ್, ಬಿಪಿ ಮಾತ್ರೆ, ಹೆರಿಗೆಗೆ ಬೇಕಾದ ಸಾಮಾನು, ಫ್ರಿಜ್ ನಡೆಸಲು ಸೋಲಾರ್ ಬ್ಯಾಟರಿ, ಟಾರ್ಪಾಲು, ಹಗ್ಗ ಎಲ್ಲ ಅಲ್ಲೇ ಇರಬೇಕು. ಹಳೇದನ್ನು ಬಳಸಿ ಹೊಸದನ್ನು ತುಂಬುವ ಕೆಲಸ ಆ ಊರಿನ ಒಬ್ಬರ ಹೆಸರಿಗೇ ಇರಬೇಕು. ಇಲ್ಲದಿದ್ದರೆ ಬೇಕಾದ ದಿನ ಪೆಟ್ಟಿಗೆ ತೆರೆದಾಗ ಅವಧಿ ಮುಗಿದ ಔಷಧಿ ಸಿಗುತ್ತದೆ.

ಬಂದರಿನ ನನ್ನ ಗೆಳೆಯರಿಗೆ ಒಂದು ಕೋರಿಕೆ. ಸೆಪ್ಟೆಂಬರ್‌ನಲ್ಲಿ ಮೊದಲ ಮಂಜಿ ಲೋಡ್ ಆಗುವಾಗ ಸಿಮೆಂಟ್, ಜಲ್ಲಿಗೆ ಮೊದಲು ಈ ಸಾಮಾನಿಗೆ ಜಾಗ ಕೊಡಿ. ಡಿಸೆಂಬರ್‌ಗೆ ಹೆಚ್ಚು ದಿನ ಉಳಿದಿರುವುದಿಲ್ಲ. ಬೆಂಕಿಪೊಟ್ಟಣ ಮಾತ್ರ ಎರಡು ಸುತ್ತು ಸುತ್ತಿಯೇ ಇಡಿ.