ಎಲ್ಲರಿಗೂ ಸ್ವಾಗತ, ಹೊರಹೋಗುವ ದಾರಿ ಆ ಕಡೆ

ಕಂಪನಿಯೊಂದಕ್ಕೆ ವಯಸ್ಸಾಯಿತು ಅನ್ನೋದು ಹೇಗೆ ಗೊತ್ತಾಗುತ್ತದೆ? ಅದು ಜನರಿಗಾಗಿ ಕಟ್ಟಡ ಕಟ್ಟುತ್ತದೆ. ಗೋದಾಮು, ಕಚೇರಿ ಕಟ್ಟಿದಾಗ ಯಾರೂ ಭಾಷಣ ಮಾಡಿರಲಿಲ್ಲ. ಈ ಸಲ ಮಾತ್ರ ವೇದಿಕೆ, ಶಾಲು, ಮೈಕು ಎಲ್ಲವೂ ಉಂಟು. ಇಷ್ಟು ವರ್ಷ ಎದುರು ಕೂತವರ ನೋಟು ಎಣಿಸಿಕೊಂಡವರಿಗೆ ಒಂದು ಬೆಳಗ್ಗೆ ಅದೇ ಜನರ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತದೆ. ಮಮತೆ ಉಕ್ಕಿದರೆ ಬೆಲೆ ಇಳಿಸಬಹುದಿತ್ತು, ಕೆಲಸದವರ ಸಂಬಳ ಏರಿಸಬಹುದಿತ್ತು. ಆದರೆ ಅದಕ್ಕೆಲ್ಲ ಟೇಪು ಕಟ್ಟಿ ಕತ್ತರಿಸೋಕೆ ಆಗಲ್ವಲ್ಲ.

ಕಟ್ಟಡ ಏಳುವ ಮುಂಚೆ ಅದರ ಚಿತ್ರ ಬರುತ್ತದೆ. ಆ ಚಿತ್ರ ನೋಡಿದ್ದೀರಲ್ಲ? ಬಲೂನು ಹಿಡಿದ ಮಗು, ಬೆಂಚಿನ ಮೇಲೆ ನಗುತ್ತಿರುವ ಅಜ್ಜ, ಸೈಕಲ್ ತಳ್ಳಿಕೊಂಡು ಹೋಗುವ ಹುಡುಗಿ. ಉದ್ಘಾಟನೆ ಆದ ಮೇಲೆ ಈ ಮೂವರನ್ನು ಯಾರೂ ಕಂಡಿಲ್ಲ. ಬಲೂನು ಒಳಗೆ ತರುವಂತಿಲ್ಲ. ಸೈಕಲ್ ನಿಲ್ಲಿಸಲು ಜಾಗವಿಲ್ಲ. ಅಜ್ಜ ಒಮ್ಮೆ ಬಂದಿರಬಹುದು, ಆದರೆ ಬೆಂಚಿನ ನಡುವೆ ಕಬ್ಬಿಣದ ಕೈಗಳಿವೆ. ಯಾರೂ ಒರಗಬಾರದು, ಮಲಗಬಾರದು, ಹೆಚ್ಚು ಹೊತ್ತು ಕೂರಲೂಬಾರದು ಅಂತ ಯಾರೋ ಸಂಬಳ ತೆಗೆದುಕೊಂಡು ಯೋಚಿಸಿ ಮಾಡಿದ ಬೆಂಚು ಅದು.

ಇನ್ನು ಬಾಗಿಲು. ಅಲ್ಲಿ ಗಾರ್ಡ್ ಇರುತ್ತಾನೆ. 'ಯಾರನ್ನು ನೋಡಬೇಕಿತ್ತು?' ಅಂತ ಕೇಳುತ್ತಾನೆ. ಪಾಪ, ಅವನ ತಪ್ಪಲ್ಲ. ಕೊಟ್ಟಿರುವ ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರು, ಬಂದ ಕಾರಣ ಅಂತ ಕಾಲಂ ಹಾಕಿದ್ದಾರೆ. 'ಸುಮ್ನೆ ಬಂದೆ' ಅಂತ ಬರೆದರೆ ಅವನು ಮೇಲಿನವರಿಗೆ ಫೋನ್ ಮಾಡಬೇಕಾಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ನ್ಯೂಯಾರ್ಕ್ ನಗರ 1961ರಲ್ಲೇ ಬಿಲ್ಡರುಗಳ ಜೊತೆ ಒಂದು ವ್ಯವಹಾರ ಕುದುರಿಸಿತು. ನೀವು ಜನರಿಗೆ ಒಂದಿಷ್ಟು ಬಯಲು ಬಿಡಿ, ನಾವು ಹೆಚ್ಚು ಮಹಡಿ ಕಟ್ಟಲು ಬಿಡುತ್ತೇವೆ ಅಂತ. ತೀರಾ ದಟ್ಟ ಪ್ರದೇಶಗಳಲ್ಲಿ ಒಂದು ಚದರಡಿ ಬಯಲಿಗೆ ಹತ್ತು ಚದರಡಿ ಕಟ್ಟಡ! ಇಂಥ ಲೆಕ್ಕ ಸಿಕ್ಕರೆ ಯಾರಿಗೆ ತಾನೇ ಜನಸೇವೆ ಬೇಡ? 2000ದಲ್ಲಿ ಎಣಿಸಿ ನೋಡಿದಾಗ ಅಂಥ 503 ಜಾಗಗಳು ಸಿಕ್ಕವು. ಅವುಗಳಲ್ಲಿ ಶೇಕಡಾ 41ರಷ್ಟು ಯಾರಿಗೂ ಹೆಚ್ಚು ಉಪಯೋಗಕ್ಕೆ ಬಾರದವು. ಮಹಡಿಗಳು ಮಾತ್ರ ಅಷ್ಟೂ ಉಪಯೋಗಕ್ಕೆ ಬಂದವು.

ಜನ ನಿಜಕ್ಕೂ ಬಂದು ಕೂತರೆ ಏನಾಗುತ್ತದೆ ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. ಅಂಥದೇ ಒಂದು ಜಾಗ ಝುಕೋಟಿ ಪಾರ್ಕ್. ಹಗಲು ರಾತ್ರಿ ತೆರೆದಿರಲೇಬೇಕು ಅನ್ನೋದು ಷರತ್ತು. 2011ರಲ್ಲಿ ವಾಲ್ ಸ್ಟ್ರೀಟ್, ಅಂದರೆ ದೊಡ್ಡ ಬ್ಯಾಂಕು-ಷೇರುಪೇಟೆಗಳ ಬೀದಿ, ಅದರ ವಿರೋಧಿ ಹೋರಾಟಗಾರರು ಅದನ್ನೇ ನಂಬಿ ಬಂದು ಠಿಕಾಣಿ ಹೂಡಿದರು. ಆಮೇಲೆ ಹೊಸ ನಿಯಮಗಳು ಬಂದವು. ಟೆಂಟ್ ಹಾಕಬಾರದು, ಮಲಗಬಾರದು. ನವೆಂಬರಿನಲ್ಲಿ ಪೊಲೀಸರು ಬಂದು ಎಲ್ಲರನ್ನೂ ಎಬ್ಬಿಸಿದರು. ಪಾರ್ಕ್ ಮಾತ್ರ ಜನರದ್ದೇ, ಅದರಲ್ಲಿ ಅನುಮಾನ ಬೇಡ.

ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಇವರಿಗೆಲ್ಲ ಹಿರಿಯಣ್ಣ. ಹೋಮ್‌ಸ್ಟೆಡ್ ಅನ್ನೋ ಊರಿನಲ್ಲಿದ್ದ ಅವನ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿ ಕಡಿತಕ್ಕೆ ದೊಡ್ಡ ಗಲಾಟೆಯಾಯಿತು, ಗುಂಡು ಹಾರಿತು, ಎರಡೂ ಕಡೆ ಜನ ಸತ್ತರು, ಕಾರ್ಮಿಕ ಸಂಘ ನೆಲಕಚ್ಚಿತು. 1898ರಲ್ಲಿ ಅದೇ ಊರಿಗೆ ಚೆಂದದ ಗ್ರಂಥಾಲಯ ಬಂತು. ಜೊತೆಗೆ ಸಂಗೀತ ಸಭಾಂಗಣ, ಈಜುಕೊಳ. ದಿನಕ್ಕೆ ಹನ್ನೆರಡು ಗಂಟೆ ಕುಲುಮೆ ಮುಂದೆ ಬೆಂದವರು ಮಿಕ್ಕ ಹೊತ್ತಿನಲ್ಲಿ ಓದಿ, ಹಾಡಿ, ಈಜಬೇಕಿತ್ತು. ಊಟ, ನಿದ್ದೆ ಅವರವರ ಜವಾಬ್ದಾರಿ.

ಆದರೂ ಕಾರ್ನೆಗಿಯನ್ನು ಪೂರ್ತಿ ಬೈಯೋಕೆ ಮನಸ್ಸು ಬರೋದಿಲ್ಲ. ಅವನ ದುಡ್ಡಲ್ಲಿ ಎರಡೂವರೆ ಸಾವಿರದಷ್ಟು ಗ್ರಂಥಾಲಯಗಳು ಎದ್ದವು. ಜನ ಒಳಗೆ ಹೋದರು, ಪುಸ್ತಕ ಓದಿದರು. ಈಗಿನವರು ಅಷ್ಟು ರಿಸ್ಕ್ ತೆಗೆದುಕೊಳ್ಳುವುದಿಲ್ಲ. ಈಗ ಒಳಗಿರುವುದು 'ಬಹು ಉದ್ದೇಶದ ಸಭಾಂಗಣ'. ಸಾರ್ವಜನಿಕರಿಗೆ ಉಚಿತ. ಮೂರು ಪ್ರತಿ ಅರ್ಜಿ ಕೊಡಬೇಕು, ಠೇವಣಿ ಇಡಬೇಕು, ತಿಂಗಳು ಕಾಯಬೇಕು. ಅಷ್ಟರಲ್ಲಿ ಕಂಪನಿಯ ಮಾರಾಟ ವಿಭಾಗದ ಸಭೆ, ಹೊಸಬರ ತರಬೇತಿ, ಷೇರುದಾರರ ಸಭೆ, ನಿರ್ದೇಶಕರ ಮಗಳ ನಿಶ್ಚಿತಾರ್ಥ. ಇಷ್ಟೆಲ್ಲ ಮುಗಿದು ಖಾಲಿ ಉಳಿದ ಮಂಗಳವಾರದ ಮಧ್ಯಾಹ್ನ ನಿಮ್ಮದು. ಲಿಫ್ಟ್ ಅವತ್ತು ರಿಪೇರಿ.

ವರ್ಷ ತುಂಬುತ್ತದೆ. ವಾರ್ಷಿಕ ವರದಿಗೆ ಫೋಟೋ ಬೇಕು. ಕಟ್ಟಡವಿದೆ, ಬೆಂಚಿದೆ, ಬೆಳಕೂ ಚೆನ್ನಾಗಿದೆ, ಜನರೇ ಇಲ್ಲ. ಅಕೌಂಟ್ಸ್ ವಿಭಾಗಕ್ಕೆ ಸುತ್ತೋಲೆ ಹೋಗುತ್ತದೆ: ಗುರುವಾರ ಎಲ್ಲರೂ ಮನೆಯ ಬಟ್ಟೆಯಲ್ಲಿ ಬರಬೇಕು, ಸಾಧ್ಯವಾದರೆ ಮಕ್ಕಳನ್ನೂ ಕರೆತರಬೇಕು, ಐಡಿ ಕಾರ್ಡ್ ಜೇಬಿನಲ್ಲಿರಲಿ. ಬರುತ್ತಾರೆ, ಕೂರುತ್ತಾರೆ, ಹೇಳಿದಷ್ಟು ನಗುತ್ತಾರೆ. ಅವರಲ್ಲೊಬ್ಬರು ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡಿದ್ದೇ ತಡ, ಗಾರ್ಡ್ ಸೀಟಿ ಊದುತ್ತಾನೆ.