ಮಾಲೀಕರ ನೆನಪಿನಲ್ಲಿ ನಡೆಯುವ ಪ್ರೆಸ್ಸು

ಶಿವಕಾಶಿಯ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಕನ್ನಡ ಕ್ಯಾಲೆಂಡರುಗಳ ಪುಟ ನೋಡಿಕೊಳ್ಳುವ ಕೆಲಸದಲ್ಲಿರುವ ನಾನು ನನ್ನೂರಾದ ತುಮಕೂರಿಗೆ ಬಂದಾಗಲೆಲ್ಲ ಅಲ್ಲಿನ ವೃತ್ತಿಬಾಂಧವರು ಮೊದಲು ಕೇಳುವುದು ಯಂತ್ರದ ವಿಷಯವನ್ನೇ. ಗಂಟೆಗೆ ಎಷ್ಟು ಶೀಟು ಓಡುತ್ತದೆ, ಸೆಕೆಂಡ್‌ಹ್ಯಾಂಡ್ ಹೈಡೆಲ್‌ಬರ್ಗ್ ಯಾವ ದರಕ್ಕೆ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಯಂತ್ರವನ್ನು ಸಾಲ ಮಾಡಿಯಾದರೂ ತರಬಹುದು. ನನಗೆ ಎರಡೂ ಊರುಗಳ ನಡುವೆ ಎದ್ದು ಕಾಣುವ ಅಂತರವಿರುವುದು ಯಂತ್ರದ ಪಕ್ಕದ ಮೊಳೆಗೆ ತೂಗುಹಾಕಿರುವ ಕಂದು ಬಣ್ಣದ ಒಂದು ದೊಡ್ಡ ಲಕೋಟೆಯಲ್ಲಿ.

ಶಿವಕಾಶಿಯ ನಮ್ಮ ಪ್ರೆಸ್ಸಿನಲ್ಲಿ ಅದಿಲ್ಲದೆ ಯಾವ ಕೆಲಸವೂ ಯಂತ್ರಕ್ಕೆ ಏರುವುದಿಲ್ಲ. ಅದರ ಮೇಲೆ ಕೆಲಸದ ಸಂಖ್ಯೆ, ಕಾಗದದ ಅಳತೆ ಮತ್ತು ಜಿ.ಎಸ್.ಎಂ. (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ), ಕೊಟ್ಟ ಶೀಟುಗಳ ಲೆಕ್ಕ, ಅದರಲ್ಲಿ ಬಣ್ಣ ಮತ್ತು ರಿಜಿಸ್ಟರ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು) ಹೊಂದಿಸುವಾಗ ಹಾಳಾದದ್ದೆಷ್ಟು, ಯಂತ್ರ ನಿಂತಿದ್ದರೆ ಯಾವ ಕಾರಣಕ್ಕೆ ಎಷ್ಟು ಹೊತ್ತು ನಿಂತಿತು ಎಂಬುದೆಲ್ಲವನ್ನೂ ಆಯಾ ಹಂತದವರೇ ಬರೆದು ಸಹಿ ಹಾಕುತ್ತಾರೆ. ಒಳಗೆ ಗಿರಾಕಿ ಒಪ್ಪಿ ಸಹಿ ಮಾಡಿದ ಪ್ರೂಫ್ ಇರುತ್ತದೆ. ಆಪರೇಟರ್ ರಜೆ ಹಾಕಿದರೂ, ಮಾಲೀಕರು ಮದುವೆಗೆ ಹೋದರೂ ಮುಂದಿನ ಪಾಳಿಯವನು ಆ ಲಕೋಟೆ ನೋಡಿಕೊಂಡು ಕೆಲಸ ಮುಂದುವರಿಸಬಲ್ಲ.

ತುಮಕೂರಿನಲ್ಲಿ ನಾನು ಕಂಡ ಬಹುತೇಕ ಪ್ರೆಸ್ಸುಗಳಲ್ಲಿ ಈ ಲಕೋಟೆಯ ಜಾಗದಲ್ಲಿರುವುದು ಮಾಲೀಕರ ತಲೆ. ಯಾರ ಬಿಲ್‌ಬುಕ್ಕಿನ ನಂಬರಿಂಗ್ ಎಲ್ಲಿಂದ ಶುರುವಾಗಬೇಕು, ಯಾವ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಸೇರಿಸಬೇಕಿದೆ, ಬೆಂಗಳೂರಿನಿಂದ ಬರಬೇಕಾದ ಅಚ್ಚಿನ ಪ್ಲೇಟು ಯಾವ ಬಸ್ಸಿನಲ್ಲಿದೆ ಎಂಬುದೆಲ್ಲ ಅವರ ನೆನಪಿನಲ್ಲಿ ಮತ್ತು ಅವರ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಇರುತ್ತದೆ. ಅವರು ಊಟಕ್ಕೆ ಎದ್ದುಹೋದರೆ ಬೈಂಡಿಂಗಿನವನು ಕೈಕಟ್ಟಿ ಕೂರುತ್ತಾನೆ. ಹುಡುಗರಿಗೆ ಜವಾಬ್ದಾರಿಯೇ ಇಲ್ಲ ಎಂದು ಮಾಲೀಕರು ಗೊಣಗುವುದನ್ನು ನಾನು ಅನೇಕ ಕಡೆ ಕೇಳಿದ್ದೇನೆ. ಏನು ಮಾಡಬೇಕೆಂಬ ಮಾಹಿತಿಯನ್ನೇ ಕೊಡದೆ ಜವಾಬ್ದಾರಿಯನ್ನು ಮಾತ್ರ ನಿರೀಕ್ಷಿಸುವುದು ಯಾವ ನ್ಯಾಯವೋ ನನಗೆ ತಿಳಿಯದು.

ಶಿವಕಾಶಿಯಲ್ಲಿ ಲಕ್ಷಗಟ್ಟಲೆ ಪ್ರತಿ ಮುದ್ರಿಸುತ್ತಾರೆ, ಅವರಿಗೆ ಈ ಬರವಣಿಗೆ ಬೇಕು, ಸಾವಿರ ಪ್ರತಿಯ ನಮಗೇಕೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ಪ್ರಕಾರ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಬಣ್ಣ ಹೊಂದಿಸುವಾಗ ಹಾಳಾಗುವ ಶೀಟುಗಳು ಪ್ರತಿಗಳ ಸಂಖ್ಯೆ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಐವತ್ತು ಸಾವಿರ ಶೀಟಿನ ಕೆಲಸದಲ್ಲಿ ಮುನ್ನೂರು ಶೀಟು ಹೋದರೆ ನಷ್ಟ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ, ಆದರೆ ಸಾವಿರ ಶೀಟಿನ ಕೆಲಸದಲ್ಲಿ ನೂರೈವತ್ತು ಹೋದರೆ ಅದು ಶೇಕಡಾ ಹದಿನೈದು, ಅಂದರೆ ಆ ಕೆಲಸದ ಲಾಭವೆಲ್ಲ ರದ್ದಿಯ ಮೂಲೆ ಸೇರಿತೆಂದೇ ಅರ್ಥ. ಅಲ್ಲಿನವರಿಗಿಂತ ಸಣ್ಣ ಕೆಲಸ ಮಾಡುವ ನಮ್ಮೂರಿನವರಿಗೇ ಈ ಲೆಕ್ಕ ಹೆಚ್ಚು ಬೇಕು. ದರದಲ್ಲಿ ಪಕ್ಕದ ಪ್ರೆಸ್ಸಿನವರೊಂದಿಗೆ ಹತ್ತು ಪೈಸೆಗೆ ಹೋರಾಡುವವರು ಒಂದು ರೀಮಿನಲ್ಲಿ ಎಷ್ಟು ಶೀಟು ಕಸವಾಯಿತು ಎಂಬುದನ್ನು ಬರೆದಿಡದೆ ಬಿಡುವುದು ನನಗೆ ಸೋಜಿಗವೇ.

ಬರೆಯುವುದು ಅವರಿಗೆ ಬಾರದೆ ಇಲ್ಲ. ಚುನಾವಣೆ ಘೋಷಣೆಯಾದಾಗ ಇದೇ ಪ್ರೆಸ್ಸುಗಳನ್ನು ನೋಡಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಕರಪತ್ರ ಹಾಗೂ ಪೋಸ್ಟರುಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನು ತಾನು ಯಾರೆಂದು ಸಹಿ ಮಾಡಿದ, ಅವನನ್ನು ಖುದ್ದಾಗಿ ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಗಳಲ್ಲಿ ಪಡೆದ ಮೇಲೆಯೇ ಮುದ್ರಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎಷ್ಟು ಪ್ರತಿ ಮುದ್ರಿಸಲಾಯಿತು, ಎಷ್ಟು ಹಣ ಪಡೆಯಲಾಯಿತು ಎಂಬ ವಿವರವೂ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಆ ಒಂದು ತಿಂಗಳು ಕಡತಗಳೆಲ್ಲ ಅಚ್ಚುಕಟ್ಟಾಗಿರುತ್ತವೆ. ಮತ ಎಣಿಕೆ ಮುಗಿದ ಮರುದಿನ ಎಲ್ಲವೂ ಮತ್ತೆ ಮಾಲೀಕರ ನೆನಪಿಗೆ ಮರಳುತ್ತದೆ.

ಹಾಗೆಂದು ಶಿವಕಾಶಿಯನ್ನು ಹೊಗಳಿ ಹೊನ್ನಶೂಲಕ್ಕೇರಿಸುವ ಇರಾದೆ ನನಗಿಲ್ಲ. ಬೆಂಕಿಪೊಟ್ಟಣ ಮತ್ತು ಪಟಾಕಿಗಳ ಲೇಬಲ್ಲುಗಳ ಬೇಡಿಕೆಯಿಂದ ಬೆಳೆದ ಈ ಊರಿನ ಮುದ್ರಣೋದ್ಯಮದಲ್ಲಿ ತಮಿಳರ ಆಡಿ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಹೊಸ ವರ್ಷದ ಕ್ಯಾಲೆಂಡರ್ ಮಾದರಿಗಳ ಆಲ್ಬಮ್ ಬಿಡುಗಡೆಯಾಗುತ್ತದೆ. ಅಲ್ಲಿಂದ ಡಿಸೆಂಬರಿನವರೆಗೆ ಬೈಂಡಿಂಗ್ ವಿಭಾಗದವರಿಗೆ ಹಗಲುರಾತ್ರಿಗಳ ವ್ಯತ್ಯಾಸ ಇರುವುದಿಲ್ಲ. ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ಸೀಸನ್ ಮುಗಿದೊಡನೆ ಸಂಪಾದನೆ ಇಳಿಯುತ್ತದೆ, ಮುಂಗಡ ಪಡೆದವರು ಬೇರೆಡೆ ಹೋಗಲಾರರು. ಲಕೋಟೆಯ ಮೇಲೆ ಯಂತ್ರ ನಿಂತ ನಿಮಿಷಗಳಿಗೆ ಜಾಗವಿದೆ, ಆಳಿಗೆ ಆದ ಆಯಾಸಕ್ಕೆ ಇಲ್ಲ. ತುಮಕೂರಿನ ಸಣ್ಣ ಪ್ರೆಸ್ಸಿನಲ್ಲಿ ಕಟಿಂಗ್, ಪ್ರಿಂಟಿಂಗ್, ಬೈಂಡಿಂಗ್ ಮೂರನ್ನೂ ಕಲಿತ ಕೆಲಸಗಾರ ಮಾಲೀಕರನ್ನು ‘ಅಣ್ಣ’ ಎಂದು ಕರೆಯುತ್ತಾ ವರ್ಷವಿಡೀ ಸಂಬಳ ಪಡೆಯುತ್ತಾನೆ. ಆ ನೆಮ್ಮದಿಗೂ ಬೆಲೆಯಿದೆ.

ಕನ್ನಡದ ಪ್ರೂಫ್ ನೋಡುವುದರಲ್ಲಂತೂ ನಮ್ಮೂರಿನವರು ಬಹಳ ಮುಂದು. ಯೂನಿಕೋಡಿನಲ್ಲಿ ಬಂದ ಪಠ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುವುದನ್ನು, ಒತ್ತಕ್ಷರ ಕಳಚಿ ಬೀಳುವುದನ್ನು ತುಮಕೂರಿನ ಡಿಟಿಪಿ ಮೇಜಿನ ಹೆಣ್ಣುಮಗಳು ಓದುತ್ತಾ ಓದುತ್ತಾ ಹಿಡಿಯುತ್ತಾಳೆ. ಶಿವಕಾಶಿಯಲ್ಲಿ ಅದು ಚಿತ್ರದಂತೆ ಮುಂದಕ್ಕೆ ಹೋಗಿಬಿಡುತ್ತದೆ, ನನಗೆ ಸಂಬಳ ಕೊಡುವುದೂ ಅದನ್ನು ಹಿಡಿಯಲೆಂದೇ.

ಈಗ ಈ ಮಾತನ್ನು ಎತ್ತಲು ತೆರಿಗೆಯ ಬದಲಾವಣೆ ಕಾರಣ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 18ಕ್ಕೆ ಏರಿದೆ, ಕಾಗದದ ಪೆಟ್ಟಿಗೆಗಳ ಮೇಲಿನದು 12ರಿಂದ 5ಕ್ಕೆ ಇಳಿದಿದೆ. ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಪ್ರೆಸ್ಸಿಗೆ ಕಾಗದದ ಮೇಲೆ ಕಟ್ಟಿದ ತೆರಿಗೆ ಹಿಂದಕ್ಕೆ ಸಿಗುವುದಿಲ್ಲವಾದ್ದರಿಂದ ಹಾಳಾದ ಪ್ರತಿ ಶೀಟೂ ಹಿಂದಿಗಿಂತ ದುಬಾರಿ. ಶಾಲಾ ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲವೆಂದು ಹಿಗ್ಗುವವರು ಶಾಯಿ, ಪ್ಲೇಟುಗಳ ಮೇಲೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ಇಲ್ಲ, ಅಂದರೆ ಅದೂ ಹಿಂದಕ್ಕೆ ಸಿಗುವುದಿಲ್ಲ ಎಂಬುದನ್ನೂ ನೋಡಬೇಕು.

ತೆರಿಗೆ ಇಳಿದ ಈ ಪೆಟ್ಟಿಗೆಯ ಕೆಲಸಕ್ಕೆ ತುಮಕೂರಿಗಿಂತ ಒಳ್ಳೆಯ ಜಾಗ ಸುಲಭವಾಗಿ ಸಿಗದು. ವಸಂತನರಸಾಪುರದಲ್ಲಿ 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ಊರಿನ ಮಗ್ಗುಲಲ್ಲೇ ಇದೆ. ಆದರೆ ಆಹಾರದ ಪೊಟ್ಟಣಕ್ಕೆ 2018ರ ಪ್ಯಾಕೇಜಿಂಗ್ ನಿಯಮಗಳಂತೆ ಐ.ಎಸ್. 15495 ಎಂಬ ಭಾರತೀಯ ಮಾನಕಕ್ಕೆ ಹೊಂದುವ ಶಾಯಿಯನ್ನೇ ಬಳಸಬೇಕು, ಯಾವ ಡಬ್ಬದ ಶಾಯಿ ಯಾವ ಕೆಲಸಕ್ಕೆ ಹೋಯಿತೆಂದು ಗಿರಾಕಿಗೆ ತೋರಿಸಲು ಕಾಗದಪತ್ರ ಬೇಕು. ಶೇಕಡಾ 18ರ ತೆರಿಗೆಯ ರಟ್ಟಿನ ಬೋರ್ಡು ಕೊಂಡು ಶೇಕಡಾ 5ರ ತೆರಿಗೆಯ ಪೆಟ್ಟಿಗೆ ಮಾರುವವರು ಹೆಚ್ಚುವರಿ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕುವಾಗಲೂ ಖರೀದಿ, ಮಾರಾಟಗಳ ಲೆಕ್ಕ ಸರಿಯಾಗಿರಬೇಕು. ಆಹಾರದ ಪೊಟ್ಟಣ ಮಾಡಿಸುವ ಗಿರಾಕಿಯ ಕಡೆಯವರು ತಪಾಸಣೆಗೆ ಬಂದ ದಿನ ಮಾಲೀಕರು ಊರಲ್ಲಿಲ್ಲದಿದ್ದರೆ ಪ್ರೆಸ್ಸಿನ ಹುಡುಗ ಅವರಿಗೆ ತೋರಿಸುವುದೇನನ್ನು?