ಡೀಸೆಲ್ ಎಂಜಿನ್ ಹಾಕಿಸಿದ ಜೀಪು ಕೊಟ್ಟು ಒರಿಜಿನಲ್ ತಗೊಳ್ಳುವ ಮುಂಚೆ

ನಿಮ್ಮಲ್ಲಿ ಪ್ಯೂಜೋ ಅಥವಾ ಡಿಐ ಡೀಸೆಲ್ ಎಂಜಿನ್ ಕೂರಿಸಿದ ಹೈ ಬಾನೆಟ್ ಜೀಪು ಇದೆ. ಎದುರಿನವರಲ್ಲಿ ಪೆಟ್ರೋಲ್ ಎಂಜಿನ್ನಿನ ‘ಒರಿಜಿನಲ್’ ಲೋ ಬಾನೆಟ್ ಇದೆ. ಮೇಲೊಂದಿಷ್ಟು ದುಡ್ಡು ಕೊಟ್ಟರೆ ಅದಲು ಬದಲಿಗೆ ತಯಾರು ಅನ್ನುತ್ತಾರೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಜೀಪು ಇಟ್ಟುಕೊಂಡವರಿಗೆ ಇದು ಹೊಸ ಮಾತಲ್ಲ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಗ್ಯಾಸ್ ಕಟ್ಟರ್ ತಾಗಿಲ್ಲದ ಜೀಪನ್ನು ಕೊಡಬೇಡಿ, ಅದನ್ನೇ ಮೂಲ ರೂಪಕ್ಕೆ ತನ್ನಿ. ಚಾಸಿಯನ್ನೇ ಕತ್ತರಿಸಿದ್ದರೆ ಮಾತ್ರ ವಿನಿಮಯದ ಮಾತಾಡಿ, ಅದೂ ಎದುರಿನ ಗಾಡಿಯನ್ನು ಬೋಲ್ಟು ಬೋಲ್ಟಾಗಿ ನೋಡಿದ ಮೇಲೆ.

ಡೀಸೆಲ್ ಜೀಪು ಅಂದಮಾತ್ರಕ್ಕೆ ಅದು ಮಾರ್ಪಾಡಾದದ್ದು ಅಂತ ತಿಳಿಯಬೇಡಿ. ಮಹೀಂದ್ರಾದವರೇ 2112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ 4.90 ಎಂಜಿನ್ ಹಾಕಿ ಎಂಎಂ 540 ಮಾರಿದ್ದಾರೆ. ಅಂಥ ಗಾಡಿಗೆ ಆ ಎಂಜಿನ್ನೇ ಒರಿಜಿನಲ್. ಆರ್‌ಸಿಯಲ್ಲಿ ಇಂಧನ ಡೀಸೆಲ್ ಅಂತಲೇ ಇದ್ದು, ಎಂಜಿನ್ ನಂಬರ್ ಕೂಡ ತಾಳೆಯಾದರೆ ನೀವು ‘ಒರಿಜಿನಲ್’ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಹೇಳುತ್ತಿರುವುದು ಪೆಟ್ರೋಲಿಗೆ ಹುಟ್ಟಿ ಆಮೇಲೆ ಡೀಸೆಲ್ ಆದ ಸಿಜೆ 3ಬಿ, ಅಂದರೆ ಹೈ ಬಾನೆಟ್ ಗಾಡಿಗಳ ಬಗ್ಗೆ. (ಸಿಜೆ ಅಂದರೆ ಸೈನ್ಯಕ್ಕಲ್ಲ, ಜನಸಾಮಾನ್ಯರಿಗೆ ಮಾರಿದ ಜೀಪು.) ಅದರ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿದೆ. ಹಾಗಾಗಿ ಎಂಜಿನ್ ಎತ್ತರ, ಬಾನೆಟ್ಟೂ ಎತ್ತರ. ಲೋ ಬಾನೆಟ್ಟಿನ ಗೋ ಡೆವಿಲ್ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಬ್ಲಾಕಿನಲ್ಲೇ ಇವೆ. ಎರಡೂ 2199 ಸಿಸಿ, ಬೋರ್ ಮತ್ತು ಸ್ಟ್ರೋಕ್ ಒಂದೇ.

ಈಗ ನಿಮ್ಮ ಜೀಪಿನ ಕೆಳಗೆ ಮಲಗಿ. ಮೂಲ ಎಂಜಿನ್ ಮೌಂಟಿಂಗ್ ಬ್ರಾಕೆಟ್ ಉಳಿದಿದೆಯಾ? ಡೀಸೆಲ್ ಎಂಜಿನ್ನಿನ ಸಂಪ್ (ಅಡಿಯ ಆಯಿಲ್ ತೊಟ್ಟಿ) ತಾಗುತ್ತದೆ ಅಂತ ಚಾಸಿಯ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್, ಕೊರೆದಿದ್ದಾರಾ? ಹೊಸ ಬ್ರಾಕೆಟ್ಟನ್ನು ಬೋಲ್ಟ್ ಹಾಕಿ ಕೂರಿಸಿದ್ದರೆ ಬಿಚ್ಚಬಹುದು. ಚಾಸಿಯ ಮೇಲಂಚು ಕೆಳಂಚಿಗೆ ಅಡ್ಡಲಾಗಿ ವೆಲ್ಡ್ ಹೊಡೆದಿದ್ದರೆ ತೊಂದರೆ. ಚಾಸಿ ಕಲ್ಲುದಾರಿಯಲ್ಲಿ ತಿರುಚಿಕೊಳ್ಳುತ್ತಲೇ ಇರುತ್ತದೆ. ವೆಲ್ಡಿನ ಬಿಸಿಗೆ ಗಡುಸಾದ ಕಬ್ಬಿಣ ಆ ಗೆರೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಚಾಸಿಯ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡು ಕರ್ಣಗಳನ್ನೂ ಅಳೆಯಿರಿ. 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಸೊಟ್ಟಗಾಗಿದೆ.

ಫೈರ್‌ವಾಲ್ (ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ) ಬಡಿದಿರುವುದು, ಗೇರ್‌ಬಾಕ್ಸ್ ಮೇಲಿನ ತಗಡು ಕತ್ತರಿಸಿರುವುದು, ರೇಡಿಯೇಟರ್ ಮುಂದೆ ತಳ್ಳಿರುವುದು, ಇವೆಲ್ಲ ಒಳ್ಳೆಯ ಟಿಂಕರ್ ಕೈಯಲ್ಲಿ ಸರಿಹೋಗುವಂಥವು. ಟಿ 90 ಗೇರ್‌ಬಾಕ್ಸ್, ಡಾನಾ 18 ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಇದ್ದಲ್ಲೇ ಇಟ್ಟು, ಅಡಾಪ್ಟರ್ ಪ್ಲೇಟ್ ಹಾಕಿ ಡೀಸೆಲ್ ಎಂಜಿನ್ ಜೋಡಿಸಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆಯೇ. ಉಳಿದದ್ದು ಪೆಟ್ರೋಲ್ ಎಂಜಿನ್, ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್, ಕಾರ್ಬ್ಯುರೇಟರ್, ಸೈಲೆನ್ಸರ್ ಪೈಪು. ಇಲ್ಲಿ ಫ್ಲೈವೀಲ್ ವಿಷಯದಲ್ಲಿ ಎಡವುವವರು ಬಹಳ. ಹಳೆಯ 6 ವೋಲ್ಟ್ ಫ್ಲೈವೀಲಿಗೆ 97 ಹಲ್ಲು, ಆಮೇಲಿನ 12 ವೋಲ್ಟಿನದಕ್ಕೆ 129. ಸ್ಟಾರ್ಟರ್ ಒಂದರದು, ಫ್ಲೈವೀಲ್ ಇನ್ನೊಂದರದು ಆದರೆ ಹಲ್ಲು ಕಚ್ಚದೆ ಫ್ಲೈವೀಲಿನ ಹಲ್ಲಿನ ರಿಂಗ್ ಸವೆದುಹೋಗುತ್ತದೆ. ಎಂಜಿನ್ ಕೊಳ್ಳುವಾಗಲೇ ಬೆಲ್ ಹೌಸಿಂಗ್, ಫ್ಲೈವೀಲ್, ಸ್ಟಾರ್ಟರ್ ಮೂರನ್ನೂ ಒಟ್ಟಿಗೆ ಕೇಳಿ. ಡೀಸೆಲ್ ಟ್ಯಾಂಕನ್ನು ಬಿಚ್ಚಿ ತೊಳೆದು, ರಿಟರ್ನ್ ಲೈನ್ ಮುಚ್ಚಿದ ಮೇಲೆಯೇ ಪೆಟ್ರೋಲ್ ಹಾಕಬೇಕು. ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಎಳೆಯಿರಿ, ಇಲ್ಲದಿದ್ದರೆ ಬೇಸಿಗೆಯ ಘಾಟಿಯಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಆದ್ದರಿಂದ ಪಂಪಿನ ಡಯಾಫ್ರಾಮ್, ರಬ್ಬರ್ ಪೈಪುಗಳು ಎಥನಾಲ್ ತಡೆಯುವಂಥವೇ ಇರಲಿ.

ಎದುರಿನ ಜೀಪಿಗೆ ಬರೋಣ. ‘ಯುದ್ಧಕಾಲದ ವಿಲ್ಲೀಸ್’ ಅಂತ ತೋರಿಸುವ ಗಾಡಿಗಳಲ್ಲಿ ಹಸಿರು ಬಣ್ಣ ಬಳಿದು, ಬಿಳಿ ನಕ್ಷತ್ರ ಅಂಟಿಸಿದ ಸಿಜೆಗಳೂ ಇರುತ್ತವೆ. 1941ರಿಂದ 45ರವರೆಗೆ ವಿಲ್ಲೀಸ್ ಸೈನ್ಯಕ್ಕೆ ಕಟ್ಟಿದ ಎಂಬಿ ಜೀಪು ಲೆಫ್ಟ್ ಹ್ಯಾಂಡ್, ಅಂದರೆ ಸ್ಟೀರಿಂಗ್ ಎಡಗಡೆ. ಮೊದಮೊದಲಿನ ಪಟ್ಟಿ ಗ್ರಿಲ್ಲಿನವು ಬಿಟ್ಟರೆ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ಸಿಜೆಯಲ್ಲಿ ಏಳು. ಎಂಬಿಗೆ ಹಿಂದೆ ಟೇಲ್ ಗೇಟ್ ಇಲ್ಲ, ಇದ್ದದ್ದನ್ನು ಬೆಸೆದು ಮುಚ್ಚಿದ್ದಾರಾ ಅಂತ ಒಳಗಿನಿಂದ ಬೆರಳಾಡಿಸಿ ನೋಡಿ. ಪೆಟ್ರೋಲ್ ಮುಚ್ಚಳ ಡ್ರೈವರ್ ಸೀಟಿನ ಅಡಿಯಲ್ಲಿರಬೇಕು. ಬಾಡಿಯ ಪಕ್ಕದಲ್ಲಿದ್ದರೆ ಅದು ಸಿಜೆ ಬಾಡಿ. ಹೆಡ್‌ಲೈಟ್ ಚಿಕ್ಕದು, ಗ್ರಿಲ್ಲಿನ ಹಿಂದೆ ಕೂತಿರುತ್ತದೆ, ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಬೀಳುತ್ತದೆ. ಚಾಸಿಯ ಮುಂದಿನ ಕ್ರಾಸ್ ಮೆಂಬರ್ ದುಂಡು ಪೈಪಾದರೆ ವಿಲ್ಲೀಸ್, ಬೋರಲು ಹಾಕಿದ ಚಾನೆಲ್ಲಾದರೆ ಫೋರ್ಡ್ ಜಿಪಿಡಬ್ಲ್ಯೂ, ಅಂದರೆ ಅದೇ ಯುದ್ಧದ ಜೀಪನ್ನು ಫೋರ್ಡಿನವರು ಕಟ್ಟಿದ್ದು. ಫೋರ್ಡಿನವರು ಬಿಡಿಭಾಗಗಳ ಮೇಲೆ ಎಫ್ ಅಕ್ಷರ ಒತ್ತುತ್ತಿದ್ದರು. ಡ್ಯಾಶ್‌ಬೋರ್ಡಿನ ಲೋಹದ ಪ್ಲೇಟು ಹೊಸದಾಗಿಯೇ ಮಾಡಿಸಿದ್ದು ಸಿಗುತ್ತದೆ, ಅದನ್ನು ಸಾಕ್ಷಿ ಅಂತ ನಂಬಬೇಡಿ. ಹಾಗೆಯೇ ಫೋರ್ಡ್ ಚಾಸಿಯಲ್ಲಿ ವಿಲ್ಲೀಸ್ ಎಂಜಿನ್ ಕಂಡ ಕೂಡಲೇ ಮೋಸ ಅನ್ನಲೂಬೇಡಿ. ಸೈನ್ಯದ ಡಿಪೋಗಳಲ್ಲೇ ಅವನ್ನು ಬೆರೆಸಿ ಕಟ್ಟಿದ್ದಾರೆ. ಅದು ಆ ಗಾಡಿಯ ಇತಿಹಾಸವೇ, ಆದರೆ ಬೆಲೆ ಕಟ್ಟುವಾಗ ಮಾತಾಡಬೇಕಾದ ಸಂಗತಿ.

ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಯಿರಿ. ಗೋ ಡೆವಿಲ್‌ನಲ್ಲಿ ನೂರು–ನೂರಹತ್ತು ಪಿಎಸ್‌ಐ ಬಂದರೆ ಚೆನ್ನಾಗಿದೆ. ಸಿಲಿಂಡರುಗಳ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದು. ಈ ಬ್ಲಾಕುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಬಿರುಕು ಓಡುವುದು ಸಾಮಾನ್ಯ ಕಾಯಿಲೆ. ಹೆಡ್ ಬಿಚ್ಚದೆ ಅದು ಕಣ್ಣಿಗೆ ಬೀಳುವುದಿಲ್ಲ. ಬಿಚ್ಚಲು ಒಪ್ಪದ ಮಾಲೀಕರ ಜೊತೆ ವ್ಯಾಪಾರ ಬೇಡ ಅನ್ನುವುದು ನನ್ನ ಖಂಡಿತ ಮಾತು. ಓಡಿಸುವಾಗ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಡಿ. ಗೇರ್ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು.

ಕಾನೂನಿನ ತೂಕ ನಿಜಕ್ಕೂ ಒರಿಜಿನಲ್ ಕಡೆಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಒಳಗೆ ಡೀಸೆಲ್ ಆದರೆ ಅಪಘಾತದ ದಿನ ವಿಮೆಯವರು ಕೈಯೆತ್ತಲು ಅದೊಂದೇ ಕಾರಣ ಸಾಕು. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದ ಗಾಡಿ ವಿಂಟೇಜ್ ಅನ್ನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಮಾನ್ಯ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಮೊದಲೇ ನೋಂದಣಿಯಾದವು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ಅಂತ ಶುರುವಾಗುವ ಹಳೆಯ ಮೈಸೂರು ನಂಬರ್ ಇದ್ದವರು ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ. ಆದರೆ ವಿಂಟೇಜ್ ಆದ ಮೇಲೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ದಿನಾ ಸಂತೆಗೆ ಹೋಗುವಂತಿಲ್ಲ. ಇನ್ನೊಂದು ಸೂಕ್ಷ್ಮ: ಲೆಕ್ಕ ಶುರುವಾಗುವುದು ಮೊದಲ ನೋಂದಣಿಯಿಂದ. ಸೈನ್ಯ ವಿಲೇವಾರಿ ಮಾಡಿದ 1944ರ ಡಿಸ್ಪೋಸಲ್ ಜೀಪು ಹರಾಜಾಗಿ 1980ರಲ್ಲಿ ನೋಂದಣಿಯಾಗಿದ್ದರೆ ಕಾಗದದ ಮೇಲೆ ಅದರ ವಯಸ್ಸು 1980ರಿಂದ.

ದಿನಬಳಕೆಯಲ್ಲಿ ಒರಿಜಿನಲ್ ಹೇಗೆ ಅಂತಲೂ ಗೊತ್ತಿರಲಿ. ಲೀಟರಿಗೆ 6ರಿಂದ 8 ಕಿ.ಮೀ. ಸಿಜೆಯ 5.38 ಆಕ್ಸಲ್ ಅನುಪಾತಕ್ಕೆ 6.00–16 ಟೈರ್ ಇದ್ದರೆ, 65 ಕಿ.ಮೀ. ವೇಗದಲ್ಲೇ ಎಂಜಿನ್ ನಿಮಿಷಕ್ಕೆ ಸುಮಾರು 2,600 ಸುತ್ತು ತಿರುಗುತ್ತದೆ. ಒಂಬತ್ತು ಇಂಚಿನ ಡ್ರಮ್ ಬ್ರೇಕಿಗೆ ಬೂಸ್ಟರ್ ಇಲ್ಲ. ಗೊಬ್ಬರ, ಕಾಫಿ ಮೂಟೆ ಹೊರುವ ತೋಟದ ಗಾಡಿಯೇ ಬೇಕಾದರೆ ಕಂಪನಿಯ ಡೀಸೆಲ್ ಗಾಡಿ ಇಟ್ಟುಕೊಳ್ಳಿ, ಎಂಬತ್ತು ವರ್ಷದ ಲೋ ಬಾನೆಟ್ಟಿನ ಬೆನ್ನು ಮುರಿಯಬೇಡಿ.

ಎಲ್ಲ ನೋಡಿ ಒಪ್ಪಿಗೆಯಾದರೆ, ವಿನಿಮಯವನ್ನು ಎರಡು ಬೇರೆ ಬೇರೆ ಮಾರಾಟ ಅಂತಲೇ ಮಾಡಿ. ಪ್ರತಿ ಗಾಡಿಗೂ ಮಾಲೀಕತ್ವ ವರ್ಗಾವಣೆಯ ಪ್ರತ್ಯೇಕ ಫಾರಂ 29, 30, ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ನೀವೇ ತೆಗೆದು ಆರ್‌ಸಿ ಜೊತೆ ಹೋಲಿಸಿ. ನಿಮ್ಮ ಜೀಪಿನಲ್ಲಿರುವ ಎಂಜಿನ್ ಬದಲಾವಣೆಯನ್ನು ಒಪ್ಪಂದದ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ತಗೊಳ್ಳುವವರಿಗೂ ಅದು ತಿಳಿದಿರಬೇಕು. ವಿಮೆ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು, ಅದು ಆಗುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ.